ಅವಳು ಬಾಗಿಲು ಯಾಕೆ ತೆಗೆದ್ಲು?

ಹಾಸನದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಅಲ್ಲಿ ಸಮಯ ಸಾಲದೆ ಬಿಟ್ಟಿದ್ದನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳಿಗೆ ಚಿತ್ರಪುಸ್ತಕ ಮಾಡುವವಳು. ಕಥೆಯನ್ನೂ ನಾನೇ ಬರೆಯುತ್ತೇನೆ, ಚಿತ್ರವನ್ನೂ ನಾನೇ ಬಿಡಿಸುತ್ತೇನೆ. ಬರುವ ಮಂಗಳವಾರ ಚಿಕ್ಕಮಗಳೂರು ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗುವುದಿದೆ. ಅದಕ್ಕೆ ಅಂತ ಒಂದು ಚೀಲ ನಾಲ್ಕು ದಿನದಿಂದ ನಮ್ಮನೆ ಊಟದ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿದೆ. ನೆನಪಾದಾಗೆಲ್ಲ ಒಂದು ಸಾಮಾನು ಹಾಕುತ್ತೇನೆ, ರಾತ್ರಿ ಮಲಗುವ ಮುಂಚೆ ಒಂದು ಸಾಮಾನು ತೆಗೆಯುತ್ತೇನೆ. ನನ್ನನ್ನು ಇಲ್ಲಿಗೆ ಕರೆದವರು "ಶಾಲೆಗೆ ಹೋಗೋ ಮುಂಚೆ ಏನೇನು ತಯಾರಿ ಮಾಡ್ಕೋತೀರಿ, ಅದನ್ನೇ ಹೇಳಿ ಸಾಕು" ಅಂದರು. ಸರಿ, ಚೀಲದ ವಿಷಯವನ್ನೇ ಹೇಳೋಣ ಅಂತ ಬಂದಿದ್ದೇನೆ.

ಆದರೆ ಚೀಲಕ್ಕಿಂತ ಮುಂಚೆ ಒಂದು ಮಧ್ಯಾಹ್ನದ ಕಥೆ ಹೇಳಬೇಕು. ತಯಾರಿ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತು.

2024ರ ಜನವರಿ. ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಶಾಲೆ. ಕಾಫಿ ಹಣ್ಣು ಕೊಯ್ಯುವ ಕಾಲ, ದಾರಿಯ ಎರಡೂ ಕಡೆ ಕಣದಲ್ಲಿ ಕಾಫಿ ಹರವಿದ್ದರು. ನಾನು ಒಂದು ಆನೆಮರಿ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಕಥೆ ಹೀಗೆ: ರಾತ್ರಿ ಹಿತ್ತಲಲ್ಲಿ ಸದ್ದಾಗುತ್ತದೆ. ಪುಟ್ಟ ಹುಡುಗಿಯೊಬ್ಬಳು ಎದ್ದು ಬಾಗಿಲು ತೆಗೆಯುತ್ತಾಳೆ. ನೋಡಿದರೆ ಆನೆಮರಿ, ಹಲಸಿನಹಣ್ಣು ತಿನ್ನುತ್ತಾ ನಿಂತಿದೆ. ಇಬ್ಬರೂ ಸ್ನೇಹಿತರಾಗುತ್ತಾರೆ, ಚೆಂಡಾಟ ಆಡುತ್ತಾರೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹಾಸನ ಪೇಟೆಯ ಶಾಲೆಗಳಲ್ಲಿ ಅದನ್ನು ಎಷ್ಟೋ ಸಲ ಓದಿದ್ದೆ. ಬಾಗಿಲು ತೆಗೆಯುವ ಪುಟ ಬಂದಾಗ ಮಕ್ಕಳು "ಹೋ" ಅಂತ ಕೂಗುತ್ತಿದ್ದರು. ಆ ಕೂಗಿಗೆ ಅಂತಲೇ ಅಲ್ಲಿ ಒಂದು ಕ್ಷಣ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಚೀಲದಲ್ಲಿ ರಟ್ಟಿನ ಆನೆ ಮುಖವಾಡ ಮೂವತ್ತು ಇದ್ದವು, ಎರಡು ರಾತ್ರಿ ಕೂತು ಕತ್ತರಿಸಿದ್ದು.

ಆ ಪುಟ ಬಂತು. ನಿಲ್ಲಿಸಿದೆ. ಯಾರೂ ಕೂಗಲಿಲ್ಲ. ಮೂರನೇ ತರಗತಿಯ ಹುಡುಗ ಒಬ್ಬ ಕೈ ಎತ್ತಿದ. "ಮಿಸ್, ಅವಳು ಬಾಗಿಲು ಯಾಕೆ ತೆಗೆದ್ಲು?"

ಅವನ ಮುಖದಲ್ಲಿ ನಗು ಇರಲಿಲ್ಲ. ನಿಜವಾಗಿ ಕೇಳುತ್ತಿದ್ದ. ಪಕ್ಕದ ಹುಡುಗಿ ಇನ್ನೊಂದು ಕೇಳಿದಳು, "ಮರಿ ಇದ್ರೆ ಅಮ್ಮ ಅಲ್ಲೇ ಇರುತ್ತೆ. ಚಿತ್ರದಲ್ಲಿ ಅಮ್ಮ ಎಲ್ಲಿದೆ?" ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡೋಕೆ ಶುರು ಮಾಡಿದರು. ಆನೆ ಬಂದರೆ ಹೊರಗಿನ ಲೈಟು ಹಾಕಬೇಕಾ ಆರಿಸಬೇಕಾ, ನಾಯಿ ಬೊಗಳಿದರೆ ಏನು, ತೋಟದ ಕೆಲಸದವರ ಲೈನ್ ಮನೆ ಹಿಂದಿನ ಬೈನೆ ಮರವನ್ನ ಆನೆ ಯಾವತ್ತು ಬೀಳಿಸಿತು, ಬೆಳಗ್ಗೆ ಅಪ್ಪನ ಮೊಬೈಲಿಗೆ ಆನೆ ಎಲ್ಲಿದೆ ಅಂತ ಮೆಸೇಜ್ ಬಂದಮೇಲೆ ಶಾಲೆಗೆ ಯಾವ ದಾರೀಲಿ ಬರಬೇಕು. ಒಬ್ಬ ಅರ್ಜುನನ ಹೆಸರು ತೆಗೆದ. ಅಲ್ಲಿಗೆ ಎಲ್ಲರೂ ಸುಮ್ಮನಾದರು.

ಅರ್ಜುನ ನಿಮಗೆಲ್ಲ ಗೊತ್ತು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆ ಜೊತೆ ಕಾದಾಡಿ ಸತ್ತಿತು. ನಾನು ಹೋಗಿದ್ದು ಅದಾಗಿ ಒಂದು ತಿಂಗಳಿಗೆ. ಪೇಪರಿನಲ್ಲಿ ಓದಿದ್ದೆ, ಟಿವಿಯಲ್ಲಿ ನೋಡಿ ಕಣ್ಣೀರು ಹಾಕಿದ್ದೆ. ಆದರೂ ಆ ಸುದ್ದಿಗೂ ನನ್ನ ಚೀಲದೊಳಗಿನ ಮುಖವಾಡಕ್ಕೂ ಏನೋ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಆ ಮಕ್ಕಳಿಗೆ ಆನೆ ಅಂದರೆ ದೇವರು, ಭಯ, ಅರ್ಜುನನ ಸಾವು, ಶಾಲೆಗೆ ರಜೆ, ಅಪ್ಪ ಸಂಜೆ ಬರೋದು ತಡವಾದರೆ ಅಮ್ಮ ಬಾಗಿಲಲ್ಲಿ ನಿಲ್ಲೋದು, ಇಷ್ಟೆಲ್ಲ ಒಟ್ಟಿಗೆ. ನಾನು ಒಯ್ದಿದ್ದು ಚೆಂಡಾಟ.

ಪುಸ್ತಕ ಮುಚ್ಚಿದೆ. ಮುಖವಾಡ ಹೊರಗೆ ತೆಗೆಯಲೇ ಇಲ್ಲ. ಹಾಳೆ ಕೊಟ್ಟು "ನೀವು ನೋಡಿದ್ದನ್ನ ಬಿಡಿಸಿ" ಅಂದೆ. ಅವತ್ತಿನ ಚಿತ್ರಗಳ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ. ಹೆಚ್ಚಿನವರು ಹಾಳೆ ತುಂಬಾ ಕಪ್ಪು ಬಳಿದಿದ್ದರು. ಕಪ್ಪಿನ ಮಧ್ಯೆ ಟಾರ್ಚ್ ಬೆಳಕಿನ ಹಳದಿ ತ್ರಿಕೋನ, ಅದರೊಳಗೆ ಆನೆಯ ಹಿಂಭಾಗ ಮಾತ್ರ. ಆನೆಯ ಮುಖ ಯಾರೂ ಬಿಡಿಸಿರಲಿಲ್ಲ, ಯಾಕೆಂದರೆ ಅವರು ನೋಡೋದು ಹೋಗುತ್ತಿರುವ ಆನೆಯನ್ನು. ಒಬ್ಬಳು ಆನೆಯನ್ನೇ ಬಿಡಿಸಿರಲಿಲ್ಲ. ಗದ್ದೆ ಬದುವಿನಲ್ಲಿ ಒಂದು ದೊಡ್ಡ ಹೆಜ್ಜೆ, ಅದರಲ್ಲಿ ನೀರು ತುಂಬಿದೆ, ನೀರಿನಲ್ಲಿ ಒಂದು ಕಪ್ಪೆ. ಚಿತ್ರಪುಸ್ತಕ ಮಾಡುವವಳಾಗಿ ಹೇಳುತ್ತೇನೆ, ಆನೆ ಇಲ್ಲದೆ ಆನೆಯನ್ನು ತೋರಿಸುವ ಅಂಥ ಪುಟ ನನ್ನ ಕೈಯಿಂದ ಬಂದಿರಲಿಲ್ಲ.

ಆ ಪುಸ್ತಕ ಎರಡನೇ ಸಲ ಅಚ್ಚಾಗುವಾಗ ಪ್ರಕಾಶಕರನ್ನು ಕೇಳಿ ಎರಡು ಪುಟ ಬದಲಿಸಿದೆ. ಈಗ ಹುಡುಗಿ ಬಾಗಿಲು ತೆಗೆಯುವುದಿಲ್ಲ, ಕಿಟಕಿ ಸಂದಿಯಿಂದ ನೋಡುತ್ತಾಳೆ. ಮರಿಯ ಹಿಂದೆ ಕತ್ತಲಲ್ಲಿ ಅಮ್ಮ ಇದೆ, ಗಮನವಿಟ್ಟು ನೋಡಿದರೆ ಕಾಣುತ್ತೆ. ಆ ಅಮ್ಮನಿಗೆ ನಾನು ಮೊದಲು ದಂತ ಹಾಕಿದ್ದೆ. ಕರಡು ಚಿತ್ರವನ್ನು ಅದೇ ಶಾಲೆಗೆ ಕಳಿಸಿದಾಗ ಮಕ್ಕಳು ತಿರುಗಿ ಕಳಿಸಿದರು: ನಮ್ಮ ಕಡೆ ಹೆಣ್ಣಾನೆಗೆ ದಂತ ಇರಲ್ಲ ಮಿಸ್. ಸರಿಯಾಗಿಯೇ ಹೇಳಿದ್ದರು. ಏಷ್ಯಾದ ಆನೆಗಳಲ್ಲಿ ಉದ್ದ ದಂತ ಇರೋದು ಗಂಡಿಗೆ ಮಾತ್ರ, ಅದೂ ಎಲ್ಲ ಗಂಡಿಗೂ ಇರಲ್ಲ.

ಅದಾದ ಮೇಲೆ ನನ್ನ ತಯಾರಿ ಚೀಲದಿಂದ ಶುರುವಾಗೋದಿಲ್ಲ. ಫೋನಿನಿಂದ ಶುರುವಾಗುತ್ತೆ. ಹೋಗುವುದಕ್ಕೆ ಹತ್ತು ದಿನ ಮುಂಚೆ ಆ ಶಾಲೆಯ ಟೀಚರ್‌ಗೆ ಫೋನ್ ಮಾಡುತ್ತೇನೆ. ಎಷ್ಟು ಮಕ್ಕಳು ಅಂತ ಕೇಳುತ್ತೇನೆ, ಅದು ಎಲ್ಲರೂ ಕೇಳೋದೇ. ಯಾವ ಯಾವ ತರಗತಿ ಒಟ್ಟಿಗೆ ಕೂರುತ್ತವೆ ಅಂತಲೂ ಕೇಳಬೇಕು. ನಲಿಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಇರುತ್ತಾರೆ ಅಲ್ವಾ, ಅಲ್ಲಿ ಆರು ವರ್ಷದ ಮಗುವಿಗೂ ಒಂಬತ್ತು ವರ್ಷದ ಮಗುವಿಗೂ ಒಂದೇ ಕಥೆ ಹಿಡಿಸಬೇಕು. ಮನೆಯಲ್ಲಿ ಯಾವ ಮಾತು ಆಡುತ್ತಾರೆ ಅಂತ ಕೇಳುತ್ತೇನೆ. ನಮ್ಮ ಕಾಫಿ ಸೀಮೆಯ ಶಾಲೆಗಳಲ್ಲಿ ತಮಿಳು, ತುಳು, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳು ಇರುತ್ತಾರೆ. ಈಚೆಗೆ ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ. ಕನ್ನಡ ಇನ್ನೂ ಬಾರದ ಇಬ್ಬರು ಮಕ್ಕಳಿದ್ದರೂ ನಾನು ಮೊದಲ ಹತ್ತು ನಿಮಿಷ ಒಂದೂ ಮಾತಿಲ್ಲದೆ ಬರೀ ಚಿತ್ರದಿಂದ ಶುರು ಮಾಡುತ್ತೇನೆ. ಆ ಹತ್ತು ನಿಮಿಷ ಎಲ್ಲರೂ ಸರಿಸಮ.

ಕೊನೆಗೆ ಕೇಳುವ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. "ಈ ವರ್ಷ ನಿಮ್ಮೂರಲ್ಲಿ ಏನು ನಡೀತು, ಟೀಚರ್?" ಮೊದಲು ಅವರು "ಏನೂ ಇಲ್ಲ ಬಿಡಿ" ಅನ್ನುತ್ತಾರೆ. ಸುಮ್ನೆ ಕಾಯಬೇಕು. ಆಮೇಲೆ ಒಂದೊಂದಾಗಿ ಬರುತ್ತೆ. ಕೆರೆ ಕೋಡಿ ಬಿದ್ದದ್ದು, ಆಲೂಗಡ್ಡೆಗೆ ರೋಗ ಬಂದು ಹೊಲ ಹಾಗೇ ಬಿಟ್ಟದ್ದು, ಒಬ್ಬ ಹುಡುಗನ ಅಪ್ಪ ತೀರಿಕೊಂಡದ್ದು, ಜಾತ್ರೆಗೆ ತೇರು ಹೊಸದಾಗಿ ಮಾಡಿಸಿದ್ದು. ಇಷ್ಟು ಗೊತ್ತಿದ್ದರೆ ನಾನು ಯಾವ ಪುಸ್ತಕ ಒಯ್ಯಬೇಕು ಅನ್ನೋದು ತಾನಾಗಿ ತೀರ್ಮಾನ ಆಗುತ್ತೆ. ಯಾವ ಪುಟದಲ್ಲಿ ನಾನು ಬಾಯಿ ಮುಚ್ಚಿಕೊಂಡು ಮಕ್ಕಳ ಮುಖ ನೋಡಬೇಕು ಅನ್ನೋದೂ ಗೊತ್ತಾಗುತ್ತೆ.

ಈಗ ಚೀಲಕ್ಕೆ ಬರೋಣ.

ಮೊದಲು ಒಂದು ಉಂಡೆ ದಾರ. ಇದು ಆ ಹೆಜ್ಜೆ ಬಿಡಿಸಿದ ಹುಡುಗಿಯಿಂದ ಬಂದಿದ್ದು. ಆನೆ ಬಗ್ಗೆ ಸರಿಯಾಗಿ ಓದಬೇಕು ಅಂತ ಕೂತಾಗ ಒಂದು ವಿಷಯ ಸಿಕ್ಕಿತು: ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆ ಎಷ್ಟಿದೆಯೋ ಅದರ ಎರಡರಷ್ಟು, ಹೆಚ್ಚುಕಮ್ಮಿ, ಆನೆಯ ಭುಜದವರೆಗಿನ ಎತ್ತರ. ಕಾಡಿನಲ್ಲಿ ಆನೆ ಕಣ್ಣಿಗೆ ಬೀಳದಿದ್ದರೂ ಹೆಜ್ಜೆ ನೋಡಿ ಅದು ಎಷ್ಟು ದೊಡ್ಡದು ಅಂತ ಅಂದಾಜು ಮಾಡೋದು ಹೀಗೇ. ತರಗತಿಯಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಹೆಜ್ಜೆ ಬರೆಯುತ್ತೇನೆ. ಮಕ್ಕಳು ಅದರ ಸುತ್ತ ದಾರ ಇಡುತ್ತಾರೆ. ನಾಲ್ಕು ಅಡಿ ಬಂತು ಅಂದುಕೊಳ್ಳಿ. ಅದನ್ನು ಎರಡು ಸಲ ಗೋಡೆ ಮೇಲೆ ಹಿಡಿದು ಗುರುತು ಹಾಕಬೇಕು. ಎಂಟು ಅಡಿಗೆ ಮೇಷ್ಟ್ರ ಕುರ್ಚಿ ಬೇಕಾಗುತ್ತೆ. ಗುರುತು ಹಾಕಿ ಇಳಿದು ನೋಡಿದರೆ ಅದು ತರಗತಿಯ ಬಾಗಿಲಿಗಿಂತ ಮೇಲಿರುತ್ತೆ. ಆಗ ಆ ಕೋಣೆಯಲ್ಲಿ ಒಂದು ನಿಶ್ಶಬ್ದ ಬರುತ್ತೆ ನೋಡಿ, ಅದಕ್ಕೋಸ್ಕರ ನಾನು ಎಷ್ಟು ದೂರ ಬೇಕಾದರೂ ಬಸ್ಸಿನಲ್ಲಿ ಹೋಗುತ್ತೇನೆ. ಆನೆಯ ಚಿತ್ರ ಅದಾದ ಮೇಲೆ. ಮುಂಗಾಲಿಗೆ ಉಗುರು ಎಷ್ಟು, ಹಿಂಗಾಲಿಗೆ ಎಷ್ಟು ಅಂತ ಜಗಳ ಆಗುತ್ತೆ. ನಮ್ಮ ಆನೆಗೆ ಮುಂದೆ ಐದು, ಹಿಂದೆ ಸಾಮಾನ್ಯವಾಗಿ ನಾಲ್ಕು.

ಎರಡನೆಯದು ಬ್ರೌನ್ ಪೇಪರ್. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುತ್ತೀವಲ್ಲ, ಅದೇ. ಪುಸ್ತಕ ಹೇಗಾಗುತ್ತೆ ಅಂತ ಹೇಳಿಕೊಡೋಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮಕ್ಕಳ ಚಿತ್ರಪುಸ್ತಕದಲ್ಲಿ ಸಾಮಾನ್ಯವಾಗಿ 16, 24 ಅಥವಾ 32 ಪುಟ ಇರೋದು ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಪ್ರೆಸ್ಸಿನಲ್ಲಿ ಪುಟಗಳನ್ನು ಒಂದೊಂದಾಗಿ ಅಚ್ಚು ಹಾಕೋದಿಲ್ಲ. ದೊಡ್ಡ ಹಾಳೆಯ ಎರಡೂ ಕಡೆ ಒಟ್ಟಿಗೆ ಅಚ್ಚು ಹಾಕಿ, ಆಮೇಲೆ ಮಡಚುತ್ತಾರೆ. ಮೂರು ಸಲ ಮಡಚಿದರೆ 8 ಎಲೆ, ಅಂದರೆ 16 ಪುಟ. ಅಂಥ ಎರಡು ಕಂತೆ ಸೇರಿದರೆ 32. ಮಕ್ಕಳಿಗೆ ಹಾಳೆ ಕೊಟ್ಟು ಮೂರು ಸಲ ಮಡಚಿಸುತ್ತೇನೆ. ಬಿಚ್ಚದೆ, ಅಂಚು ಸ್ವಲ್ಪ ಎತ್ತಿ ಇಣುಕಿ, ಮೂಲೆಯಲ್ಲಿ 1ರಿಂದ 16ರವರೆಗೆ ಅಂಕಿ ಬರೆಯಬೇಕು. ಆಮೇಲೆ ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಬೇಕು. ಅಂಕಿಗಳೆಲ್ಲ ದಿಕ್ಕಾಪಾಲು! ಅರ್ಧ ತಲೆಕೆಳಗು. 1ರ ಪಕ್ಕ 16. ಪುಸ್ತಕದಲ್ಲಿ ಎದುರುಬದುರು ಕೂತ 12 ಮತ್ತು 13, ಹಾಳೆಯಲ್ಲಿ ತಲೆಗೆ ತಲೆ ಕೊಟ್ಟು ಮಲಗಿರುತ್ತವೆ. ಎರಡು ಪುಟ ತುಂಬಾ ನಿಂತ ಆನೆ ಅಚ್ಚಿನ ಹಾಳೆಯಲ್ಲಿ ಎರಡು ತುಂಡು, ಒಂದು ನೆಟ್ಟಗೆ, ಇನ್ನೊಂದು ಉಲ್ಟಾ. ಮಡಚಿದಾಗ ಸೇರಿಕೊಳ್ಳುತ್ತೆ.

ಬೇಲೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಐದನೇ ತರಗತಿಯ ಹುಡುಗಿ ಆ ಹಾಳೆ ಮುಂದೆ ತುಂಬಾ ಹೊತ್ತು ಕೂತಿದ್ದಳು. ಎಲ್ಲರೂ ಊಟಕ್ಕೆ ಎದ್ದರೂ ಅವಳು ಏಳಲಿಲ್ಲ. ಆಮೇಲೆ ಓಡಿ ಬಂದು ಹೇಳಿದಳು, "ಮಿಸ್, ಕೊನೇಲಿ ಮಡಚಿದ ಗೆರೆ ಇದೆಯಲ್ಲ, ಅದರ ಆಚೆ ಈಚೆ ಇರೋ ಎರಡನ್ನೂ ಕೂಡಿದ್ರೆ ಎಲ್ಲಾ ಕಡೆ ಹದಿನೇಳೇ ಬರುತ್ತೆ." ನಾನು ಇಷ್ಟು ವರ್ಷದಿಂದ ಹಾಳೆ ಮಡಚಿಸುತ್ತಿದ್ದೇನೆ, ನನಗೆ ಕಂಡಿರಲಿಲ್ಲ. 1 ಮತ್ತು 16, 4 ಮತ್ತು 13, 5 ಮತ್ತು 12, 8 ಮತ್ತು 9. ಹಾಳೆ ತಿರುಗಿಸಿ ನೋಡಿದೆವು, ಹಿಂದೆಯೂ ಹಾಗೇ. ನಿಮ್ಮ ಗಣಿತದ ಪೀರಿಯಡ್ಡಿಗೆ ಇದನ್ನು ದಯವಿಟ್ಟು ತೆಗೆದುಕೊಂಡು ಹೋಗಿ.

ಮೂರನೆಯದು ಭೂತಗನ್ನಡಿ. ನನ್ನ ಪುಸ್ತಕದ ಹಸಿರು ಗದ್ದೆಯ ಪುಟ, ಜೊತೆಗೆ ಅವತ್ತಿನ ಪೇಪರಿನ ಒಂದು ಬಣ್ಣದ ಚಿತ್ರ. ಹತ್ತಿರದಿಂದ ನೋಡಿ ಏನು ಕಾಣುತ್ತೆ ಹೇಳಿ ಅನ್ನುತ್ತೇನೆ. "ಬರೀ ಚುಕ್ಕಿ!" "ಹಸಿರು ಎಲ್ಲೂ ಇಲ್ಲ ಮಿಸ್!" ಹೌದು, ಹಸಿರು ಇಲ್ಲ. ನೀಲಿಯ ಥರದ ಸಯಾನ್, ಗುಲಾಬಿಯ ಥರದ ಮಜೆಂಟಾ, ಹಳದಿ, ಕಪ್ಪು, ಅಚ್ಚಿನಲ್ಲಿ ಸಾಮಾನ್ಯವಾಗಿ ಈ ನಾಲ್ಕೇ ಶಾಯಿ. ಸಯಾನ್ ಚುಕ್ಕಿಯೂ ಹಳದಿ ಚುಕ್ಕಿಯೂ ಒತ್ತೊತ್ತಾಗಿ ಕೂತರೆ ನಮ್ಮ ಕಣ್ಣಿಗೆ ಹಸಿರು. ಭೂತಗನ್ನಡಿ ಕೈಯಿಂದ ಕೈಗೆ ಹೋಗುತ್ತೆ, ಅದನ್ನು ವಾಪಸ್ ತೆಗೆದುಕೊಳ್ಳುವುದೇ ಕಷ್ಟ. ಆಮೇಲೆ ಅವರು ಯೂನಿಫಾರಂ ನೋಡುತ್ತಾರೆ, ಇರುವೆ ನೋಡುತ್ತಾರೆ, ಒಬ್ಬರ ಕೈಮೇಲಿನ ಗಾಯ ಇನ್ನೊಬ್ಬರು ನೋಡುತ್ತಾರೆ. ನೋಡಲಿ. ಅದಕ್ಕೇ ತಾನೇ ಹೋಗಿದ್ದು.

ಪುಸ್ತಕ ಓದುವುದಕ್ಕೂ ತಯಾರಿ ಬೇಕು. ಇದು ಕೈಕೆಲಸದ ಮಾತು, ಬೇಗ ಹೇಳಿಬಿಡುತ್ತೇನೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಪುಸ್ತಕ ಕಪ್ಪಾಗಿ ಕಾಣುತ್ತೆ. ಬೆಳಕು ಪುಟದ ಮೇಲೆ ಬೀಳಬೇಕು. ಬೆಂಚು ಸರಿಸಿ ಮಕ್ಕಳನ್ನು ನೆಲದ ಮೇಲೆ ಅರ್ಧ ಚಂದ್ರದ ಹಾಗೆ ಕೂರಿಸಿ. ಮೊದಲು ಚಿತ್ರ ತೋರಿಸಿ, ಒಂದು ಉಸಿರು ಬಿಟ್ಟು ಆಮೇಲೆ ಸಾಲು ಓದಿ, ಯಾಕೆಂದರೆ ಮಕ್ಕಳ ಕಣ್ಣು ಅಷ್ಟರಲ್ಲಿ ಪುಟದ ಮೂಲೆಯ ಬೆಕ್ಕನ್ನು ಹುಡುಕುತ್ತಿರುತ್ತೆ. ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ ಬೇಡ, ಸಾಂಬಾರಿನ ವಾಸನೆಯ ಮುಂದೆ ಯಾವ ಕಥೆಯೂ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹೋಗುವುದಾದರೆ ಕರೆಂಟ್ ನಂಬಬೇಡಿ.

ಮಳೆ ಅಂದಮೇಲೆ ಇದನ್ನೂ ಹೇಳಬೇಕು. ಮೂಡಿಗೆರೆ ಕಡೆ ಒಂದು ಶಾಲೆ, ಜುಲೈ ತಿಂಗಳು, ಶೀಟಿನ ಮಾಡು. ನಾನು ಬಾಯಿ ತೆರೆಯುವಷ್ಟರಲ್ಲಿ ಮಳೆ ಹೊಡೆಯಿತು. ಶೀಟಿನ ಮೇಲೆ ಮಲೆನಾಡಿನ ಮಳೆ ಅಂದರೆ ಪಕ್ಕದವರ ಮಾತೂ ಕೇಳಲ್ಲ. ಐದು ನಿಮಿಷ ಕಾದೆ. ನಿಲ್ಲುವ ಲಕ್ಷಣ ಇರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಒಂದು ಕಪ್ಪೆ ಬರೆದೆ. ಕಪ್ಪೆ ಕೈಗೆ ಕೊಡೆ ಕೊಟ್ಟೆ. ಸೀಮೆಸುಣ್ಣವನ್ನು ಮುಂದೆ ಕೂತಿದ್ದ ಹುಡುಗಿಗೆ ಚಾಚಿದೆ. ಅವಳು ಕೊಡೆಯೊಳಗೆ ಇನ್ನೊಂದು ಕಪ್ಪೆ ಸೇರಿಸಿದಳು. ಅವಳಿಂದ ಇನ್ನೊಬ್ಬನಿಗೆ. ಮುಕ್ಕಾಲು ಗಂಟೆ ಯಾರೂ ಒಂದು ಮಾತು ಆಡಲಿಲ್ಲ, ಆಡಿದರೂ ಕೇಳುತ್ತಿರಲಿಲ್ಲ, ಬೋರ್ಡು ತುಂಬಿ, ಗೋಡೆಯ ಕೆಳಗಿನ ಕಪ್ಪು ಪಟ್ಟಿ ತುಂಬಿ, ಕಪ್ಪೆಗಳ ಮೆರವಣಿಗೆ ಬಾಗಿಲವರೆಗೂ ಹೋಯಿತು. ಕೊನೆಗೆ ಮೇಷ್ಟ್ರೂ ಎದ್ದು ಒಂದು ಕಪ್ಪೆ ಬರೆದರು. ಅವತ್ತಿನಿಂದ ಮಾತಿಲ್ಲದೆ ನಡೆಯುವ ಒಂದು ಕಥೆ ನನ್ನ ತಯಾರಿಯಲ್ಲಿ ಖಾಯಂ.

ಆದರೆ ಎಲ್ಲ ಮಕ್ಕಳೂ ಹಾಗೆ ಸಲೀಸಾಗಿ ಸೀಮೆಸುಣ್ಣ ಹಿಡಿಯುವುದಿಲ್ಲ. ನಾಲ್ಕನೇ ತರಗತಿಯ ಹೊತ್ತಿಗೆ "ನಂಗೆ ಚಿತ್ರ ಬರಲ್ಲ ಮಿಸ್" ಶುರುವಾಗಿರುತ್ತೆ. ಅಥವಾ ಎಲ್ಲರೂ ಒಂದೇ ಚಿತ್ರ ಬಿಡಿಸುತ್ತಾರೆ. ನಿಮಗೆ ಗೊತ್ತು ಆ ಚಿತ್ರ: ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ಒಂದು ತೆಂಗಿನ ಮರ, ಒಂದು ಗುಡಿಸಲು. ಮುಳ್ಳಯ್ಯನಗಿರಿ ಕಾಣುವ ಶಾಲೆಯಲ್ಲೂ ಅದೇ ತ್ರಿಕೋನ! 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಬೆಟ್ಟ ಕಿಟಕಿಯಿಂದ ಕಾಣುತ್ತಿದೆ, ಮಗು ಅದಕ್ಕೆ ಬೆನ್ನು ಹಾಕಿ ತ್ರಿಕೋನ ಬರೆಯುತ್ತಿದೆ. ನನಗೆ ಇದು ನಿಜವಾಗಿ ಸಂಕಟ. ಮಗುವಿನ ತಪ್ಪಲ್ಲ ಅದು. ಯಾರೋ ಒಬ್ಬರು ಒಂದು ದಿನ ಬೋರ್ಡಿನ ಮೇಲೆ ಬರೆದು ಇದೇ ಸೀನರಿ ಅಂದಿದ್ದಾರೆ, ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ.

ಅಂಥ ಕಡೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ. ಒಂದು ಕಣ್ಣು ಮುಚ್ಚಿ, ಬೆರಳು ಚಾಚಿ, ಬೆಟ್ಟದ ಮೇಲಂಚನ್ನು ಗಾಳಿಯಲ್ಲಿ ನಿಧಾನಕ್ಕೆ ಸವರಿ ಅನ್ನುತ್ತೇನೆ. ಮುಳ್ಳಯ್ಯನಗಿರಿ ಇರುವ ಈ ಬೆಟ್ಟಸಾಲಿಗೆ ಚಂದ್ರದ್ರೋಣ ಅಂತ ಹೆಸರು ಬಂದಿದ್ದೇ ಅದು ಚಂದ್ರನ ಹಾಗೆ ಬಾಗಿರೋದಕ್ಕೆ, ಎಲ್ಲಿ ಬಾಗಿದೆ ತೋರಿಸಿ. ಸೂರ್ಯ ನಿಮಗೆ ಎಲ್ಲಿಂದ ಹುಟ್ಟುತ್ತಾನೆ? ಒಂದು ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಬೆಟ್ಟಕ್ಕೆ ಬೆನ್ನು ಮಾಡಿ ತೋಟದ ಕಡೆ ಕೈ ತೋರಿಸಿದರು. ಸಿಲ್ವರ್ ಮರಗಳ ಹಿಂದಿನಿಂದ. ಒಬ್ಬ ಹೇಳಿದ, "ಮೆಣಸಿನ ಬಳ್ಳಿ ಸಂದೀಲಿ ಬರ್ತಾನೆ ಮಿಸ್, ಪೀಸ್ ಪೀಸ್ ಆಗಿ." ಆಮೇಲೆ ಒಳಗೆ ಬಂದು ಬಿಡಿಸಿದ ಚಿತ್ರಗಳಲ್ಲಿ ತ್ರಿಕೋನ ಇರಲಿಲ್ಲ.

ಚಿತ್ರದ ಕೆಳಗೆ ಹೆಸರು ಬರೆಯೋಕೆ ಹೇಳುತ್ತೇನೆ, ದೊಡ್ಡದಾಗಿ. ಸಂಕೋಚ ಪಟ್ಟರೆ ಬೇಲೂರಿನ ಮಾತು ಹೇಳುತ್ತೇನೆ. 1117ರ ಚೆನ್ನಕೇಶವ ಗುಡಿಯ ಮದನಿಕೆ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಅಪ್ಪ ಮಗ ಇಬ್ಬರೂ. ಒಂಬೈನೂರು ವರ್ಷ ಆದಮೇಲೂ ಇದು ಯಾರ ಕೈಕೆಲಸ ಅಂತ ನಮಗೆ ಗೊತ್ತಿದೆ, ನೀನೂ ಬರಿ. ಹಳೇಬೀಡಿನ ಮಕ್ಕಳಿಗಾದರೆ ಇನ್ನೊಂದು ಕೆಲಸ ಕೊಡುತ್ತೇನೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಕೆಳಗಿನ ಸಾಲು ಪೂರ್ತಿ ಆನೆ, ಅಲ್ವಾ. ಆ ಸಾಲಿನ ಪಕ್ಕ ನಡೆದು, ಒಂದಕ್ಕಿಂತ ಒಂದು ಬೇರೆಯಾಗಿರುವ ಐದು ಆನೆ ಹುಡುಕಿ ಬನ್ನಿ ಅಂತ.

ಇನ್ನು ಟೀಚರ್‌ಗಳಲ್ಲಿ ನನ್ನ ಬೇಡಿಕೆ. ಇದನ್ನು ಎಲ್ಲ ಲೇಖಕರ ಪರವಾಗಿ ಹೇಳುತ್ತಿಲ್ಲ, ನನ್ನ ಪರವಾಗಿ ಹೇಳುತ್ತಿದ್ದೇನೆ. ಹಾರ, ಶಾಲು, ಫಲತಾಂಬೂಲ ಬೇಡ. ನಿಮ್ಮ ಪ್ರೀತಿ ನನಗೆ ಗೊತ್ತು. ಆದರೆ ಸ್ವಾಗತ ಭಾಷಣ, ಪರಿಚಯ, ಸನ್ಮಾನ ಎಲ್ಲ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿರುತ್ತೆ, ಮಕ್ಕಳು ಕೈಕಟ್ಟಿ ಕೂತು ಸೋತಿರುತ್ತಾರೆ. ಆ ಮುಕ್ಕಾಲು ಗಂಟೆ ನನಗೆ ಕೊಡಿ. ಚೆನ್ನಾಗಿ ಬಿಡಿಸುವ ನಾಲ್ಕು ಮಕ್ಕಳನ್ನು ಆರಿಸಿ ಮುಂದೆ ಕೂರಿಸಬೇಡಿ. ನಾನು ಬರುವ ಮುಂಚೆ ನನ್ನದೇ ಅಲ್ಲದಿದ್ದರೂ ಯಾವುದಾದರೂ ಒಂದು ಚಿತ್ರಪುಸ್ತಕ ಅವರ ಕೈಗೆ ಸಿಗಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಅಲ್ಲಿನವರು ಇವತ್ತು ಇಲ್ಲೇ ಕೂತಿದ್ದಾರೆ, ಟೀ ಕುಡಿಯುವಾಗ ಅವರ ನಂಬರ್ ತೆಗೆದುಕೊಳ್ಳಿ. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿವೆ, ಬೆಲೆಯೂ ಕಡಿಮೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕಥೆಗಳನ್ನು ಪುಕ್ಕಟೆ ಓದಬಹುದು, ಪ್ರಿಂಟ್ ಕೂಡ ತೆಗೆಯಬಹುದು.

ಶಾಲೆಯಲ್ಲಿ ನಾನು ಪುಸ್ತಕ ಮಾರುವುದಿಲ್ಲ. ಒಮ್ಮೆ ಮಾರಿದ್ದೆ. ದುಡ್ಡು ತಂದ ಹತ್ತು ಮಕ್ಕಳು ಸಾಲಿನಲ್ಲಿ ನಿಂತಿದ್ದರು, ತರದವರು ಅವರ ಕೈಯನ್ನೇ ನೋಡುತ್ತಾ ಕೂತಿದ್ದರು. ಆ ದೃಶ್ಯ ನನಗೆ ಇನ್ನೊಂದು ಸಲ ಬೇಡ. ಈಗ ಎರಡು ಪ್ರತಿ ತರಗತಿಗೆ, ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ ಬಿಟ್ಟು ಬರುತ್ತೇನೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹರಿದರೆ ಹರಿಯಲಿ. ಹರಿದ ಪುಸ್ತಕ ಅಂದರೆ ಓದಿದ್ದಾರೆ ಅಂತ, ನನಗೆ ಹೇಳಿ ಕಳಿಸಿ, ಇನ್ನೊಂದು ಕಳಿಸುತ್ತೇನೆ.

ಒಬ್ಬರು ಮೇಡಂ ಎದ್ದು ಕೇಳಿದರು, ಮಂಗಳವಾರಕ್ಕೆ ಯಾವ ಪುಸ್ತಕ ಒಯ್ಯುತ್ತೀರಿ ಅಂತ. ಒಂದು ಹುಡುಗಿ ಹಳ್ಳದ ನೀರಿನಲ್ಲಿ ಆಡುವ ಕಥೆಯೊಂದಿದೆ, ಅದನ್ನೇ ಒಯ್ಯೋಣ ಅಂತಿದ್ದೆ. ಹೋದ ವಾರ ಆ ಶಾಲೆಯ ಟೀಚರ್‌ಗೆ ಫೋನ್ ಮಾಡಿದೆ. ಈ ವರ್ಷ ಏನು ನಡೀತು ಅಂತ ಕೇಳಿದೆ. ಏನೂ ಇಲ್ಲ ಅಂದರು. ಕಾದೆ. ಆಮೇಲೆ ಹೇಳಿದರು, ಜುಲೈ ಮಳೆಗೆ ಹಳ್ಳದ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಕೊಚ್ಚಿಕೊಂಡು ಹೋಯಿತಂತೆ. ಆಚೆ ದಡದ ಏಳು ಮಕ್ಕಳು ಎರಡು ವಾರ ಶಾಲೆಗೆ ಬರಲಾಗಲಿಲ್ಲ. ಊರವರು ಅಡಿಕೆ ಮರ ಅಡ್ಡ ಹಾಕಿ ಮತ್ತೆ ಸಂಕ ಕಟ್ಟಿದ್ದಾರೆ. ಬೆಳಗ್ಗೆ ಸಂಜೆ ದೊಡ್ಡವರು ಯಾರಾದರೂ ಒಬ್ಬರು ನಿಂತು ಮಕ್ಕಳನ್ನು ದಾಟಿಸುತ್ತಾರಂತೆ.

ನಿನ್ನೆ ರಾತ್ರಿ ಆ ಪುಸ್ತಕವನ್ನು ಚೀಲದಿಂದ ತೆಗೆದಿಟ್ಟೆ. ಬದಲಿಗೆ ಬ್ರೌನ್ ಪೇಪರ್ ಹಾಳೆಗಳನ್ನು ಅಂಟಿಸಿ ಹತ್ತು ಅಡಿ ಉದ್ದದ ಒಂದು ಸುರುಳಿ ಮಾಡಿದ್ದೇನೆ. ಅದನ್ನು ನೆಲದ ಮೇಲೆ ಹಾಸುತ್ತೇನೆ. ಆಚೆ ದಡದ ಏಳು ಮಕ್ಕಳು ಒಂದು ತುದಿಯಿಂದ ತಮ್ಮ ಮನೆ, ತಮ್ಮ ದಾರಿ ಬಿಡಿಸಿಕೊಂಡು ಬರಲಿ. ಉಳಿದವರು ಶಾಲೆಯ ತುದಿಯಿಂದ ಹೊರಡಲಿ. ನಡುವೆ ಹಳ್ಳ ಎಷ್ಟು ಅಗಲ ಇರಬೇಕು, ನೀರಿಗೆ ಯಾವ ಬಣ್ಣ, ಸಂಕ ಎಲ್ಲಿ ಬರಬೇಕು, ಅದನ್ನು ಅವರೇ ಹೇಳಲಿ. ಆಮೇಲೆ ನನ್ನ ಕಥೆ ಬೇಕು ಅಂದರೆ ಹೇಳುತ್ತೇನೆ. ನೀಲಿ ಬಣ್ಣ ಬೇಡ, ಕೆಂಪು ಮಣ್ಣಿನ ಬಣ್ಣ ಜಾಸ್ತಿ ತನ್ನಿ ಅಂತ ಟೀಚರ್ ಈಗಲೇ ಹೇಳಿದ್ದಾರೆ. ಸಭೆ ಮುಗಿದ ಮೇಲೆ ಪೇಟೆಗೆ ಹೋಗಿ ಅದನ್ನು ತರಬೇಕು.